ಬದುಕಿರುವ ಹುಸೇನಪ್ಪನಿಗೆ

ಎಮ್ಮಿಗನೂರು
ಮಂಗಳವಾರ

ಚಿರಂಜೀವಿ ತಮ್ಮ ಹುಸೇನಪ್ಪನಿಗೆ,

ನಿನ್ನ ಅಕ್ಕ ಗುರುಲಿಂಗಮ್ಮ ಮಾಡುವ ಆಶೀರ್ವಾದ. ಲಕೋಟೆಯ ಮೇಲೆ ನಿನ್ನ ಹೊಸ ಹೆಸರನ್ನೇ ಬರೆದಿದ್ದೇನೆ, ಹೆದರಬೇಡ. ಅಂಚೆಯವನ ಮುಂದೆ ನಿನ್ನ ಮಾನ ಹೋಗುವುದಿಲ್ಲ. ಒಳಗೆ ಮಾತ್ರ ನನ್ನ ಬಾಯಿಗೆ ಬರುವ ಹೆಸರಿನಿಂದಲೇ ಕರೆಯುತ್ತೇನೆ. ಈ ವಯಸ್ಸಿನಲ್ಲಿ ತಮ್ಮನಿಗೆ ಇನ್ನೊಂದು ಹೆಸರು ರೂಢಿ ಮಾಡಿಕೊಳ್ಳುವುದು ನನ್ನಿಂದಾಗದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಎತ್ತುವುದಿಲ್ಲ. ಎತ್ತಿದರೂ “ಅಕ್ಕಾ, ಆಮ್ಯಾಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀ. ಬೈದು ಬರೆಯೋಣವೆಂದೇ ಕೂತೆ. ಎರಡು ಸಲ ಹಾಳೆ ಹರಿದೆ. ಈಗ ಬೈಯಲೂ ಮನಸ್ಸಿಲ್ಲ ತಮ್ಮಾ, ಸಾಕಾಗಿದೆ.

ಹೋದ ತಿಂಗಳು ಆದೋನಿಗೆ ಬಂದಿದ್ದೆನಲ್ಲ, ಅಂದು ನಿನ್ನ ಅಂಗಡಿಯನ್ನೇ ದಾಟಿಕೊಂಡು ಹೋಗಿಬಿಟ್ಟಿದ್ದೆ. ಅಪ್ಪ ಬರೆಸಿದ್ದ “ಹುಸೇನಪ್ಪ ಹತ್ತಿ ಮಂಡಿ” ಎಂಬ ಬೋರ್ಡು ಹುಡುಕುತ್ತ ಬೀದಿಯ ಕೊನೆಯವರೆಗೂ ನಡೆದೆ. ಬಿಸಿಲಿಗೆ ತಲೆ ತಿರುಗುತ್ತಿತ್ತು. ಕೊನೆಗೆ ಚಹಾದಂಗಡಿಯ ಗೋವಿಂದಪ್ಪನೇ ಕರೆದು ಹೇಳಿದ: “ಅದೇ ಅಂಗಡಿ ಅಮ್ಮಾ, ಪೇರು ಮಾತ್ರ ಬ್ಯಾರೆ. ಈಗ ರುದ್ರೇಶ ಟ್ರೇಡರ್ಸು.” ಒಳಗೆ ಬಂದರೆ ನೀನು ತಲೆ ಎತ್ತಲಿಲ್ಲ. ಮಜ್ಜಿಗೆ ತರಿಸಿದೆ. ನಾನೂ ಏನೂ ಕೇಳದೆ ಕುಡಿದು ಬಂದೆ.

ಬೋರ್ಡು ಬದಲಾಗುವ ಮುಂಚಿನ ಚೀಟಿಯ ಕಥೆಯನ್ನು ಗೋವಿಂದಪ್ಪನೇ ಹೇಳಿದ. ಹಬ್ಬಕ್ಕೆ ನೀನು ಚಂದಾ ಕೊಟ್ಟು, ಪೆಂಡಾಲು ಹಾಕಿಸಿ ಬೆಳೆಸಿದ ಆ ಯುವಕ ಸಂಘದ ಹುಡುಗರು “ಇಲ್ಲಿ ವ್ಯಾಪಾರ ಮಾಡಬೇಡಿ” ಎಂದು ಸಾಬರ ಅಂಗಡಿಗಳಿಗೆಲ್ಲ ಚೀಟಿ ಅಂಟಿಸುತ್ತ ಬಂದವರು, ಬೋರ್ಡು ಓದಿ ನಿನ್ನ ಬಾಗಿಲಿಗೂ ಒಂದು ಅಂಟಿಸಿ ಹೋದರಂತೆ! ಒಳಗೆ ಅಪ್ಪನ ಫೋಟೋ, ಹಣೆ ತುಂಬ ವಿಭೂತಿ; ಹೊರಗೆ ಆ ಚೀಟಿ. ಗೋವಿಂದಪ್ಪ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ನೀನು ಕೂಗಿ ಆ ಹುಡುಗರನ್ನು ಕರೆದು, ಕಿವಿ ಹಿಂಡಿ, ಬೀದಿಯ ಚೀಟಿಗಳನ್ನೆಲ್ಲ ಅವರ ಕೈಯಿಂದಲೇ ಕೀಳಿಸಿರುತ್ತೀ ಎಂದುಕೊಂಡೆ. ನೀನು ನಿನ್ನ ಚೀಟಿಯನ್ನಷ್ಟೇ ಕಿತ್ತೆಯಂತೆ. ಮರುದಿನ ಪೇಂಟರ್ ಬಂದನಂತೆ.

ನಿನ್ನ ಮಾತು ನನಗೆ ಗೊತ್ತು. “ಅಕ್ಕಾ, ನಾ ಯಾರಿಗೂ ಹೊಡದಿಲ್ಲ, ಬಡದಿಲ್ಲ. ಕಾಲ ಹಂಗೈತಿ. ವಾರ್ಡಿಗೆ ನಿಲ್ಲಬೇಕಂದ್ರ ಈ ಹೆಸರಿಟ್ಟುಕೊಂಡು ಟಿಕೆಟ್ ಕೊಡಾಂಗಿಲ್ಲ ಅಂತಾರ.” ನಿಜ, ನೀನು ಯಾರಿಗೂ ಹೊಡೆಯುವವನಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುವವನು. ವಾರ್ಡಿನ ನಲ್ಲಿಗೆ ನೀರು ಬರಲಿ, ಚರಂಡಿಯಾಗಲಿ, ಚುನಾವಣೆಗೆ ನಿಲ್ಲು ಎಂದು ನಿನ್ನ ಹಿಂದೆ ಬಿದ್ದವಳು ನಾನೇ. ಈಗ ನೀರು, ಚರಂಡಿ ಕೇಳುವವರೇ ಇಲ್ಲವಂತೆ. ಯಾರು ನಮ್ಮವರು, ಯಾರು ಅಲ್ಲ ಎಂಬುದೊಂದೇ ಮಾತಂತೆ. ನನಗೆ ಅದನ್ನು ಕೇಳಿ ಕೇಳಿ ದಣಿವಾಗಿದೆ. ಟಿವಿ ಹಾಕಿದರೆ ಅದೇ, ಬಸ್ಸು ಹತ್ತಿದರೆ ಅದೇ, ಮದುವೆ ಊಟದ ಪಂಕ್ತಿಯಲ್ಲೂ ಅದೇ.

ತಮ್ಮಾ, ಈ ತೆಲುಗು ಸೀಮೆಯಲ್ಲಿ ನಾನು ಆಯುಷ್ಯವೆಲ್ಲ ಕನ್ನಡ ಶಾಲೆ ನಡೆಸಿದವಳು. ತಪಾಸಣೆಗೆ ಬಂದ ಪ್ರತಿ ಸಾಹೇಬನೂ ಹಾಜರಿ ನೋಡಿ “ಇಷ್ಟು ಮಂದಿಗೆ ಒಂದು ಬಡಿ ಎಂದುಕು ಅಮ್ಮಾ?” ಎನ್ನುತ್ತಿದ್ದ. ಇಷ್ಟೇ ಮಕ್ಕಳಿಗೆ ಒಂದು ಶಾಲೆ ಯಾಕೆ ಎಂದು. ಹೆಚ್ಚು ಮಂದಿ ಇದ್ದವರದೇ ಊರು ಎನ್ನುವುದಾಗಿದ್ದರೆ ಆ ಶಾಲೆಗೆ ಎಂದೋ ಬೀಗ ಬೀಳುತ್ತಿತ್ತು. ನಮ್ಮ ಪರವಾಗಿ ಕರ್ನೂಲಿಗೆ ಹೋಗಿ ಅರ್ಜಿ ಕೊಟ್ಟು ಬಂದವರು ತೆಲುಗಿನವರೇ. ನೀನು ಈಗ ಹೋಗಿ ಕೂತ ಗುಂಪಿನಲ್ಲಿ ನೀನು ದೊಡ್ಡವನು ಎಂದುಕೊಂಡಿದ್ದೀ. ಎಣಿಸಲು ಕೂತವರು ಒಂದು ಸಲಕ್ಕೆ ನಿಲ್ಲಿಸುವುದಿಲ್ಲವೋ ಮಾರಾಯಾ, ಇನ್ನೊಂದು ದಿನ ಬೇರೆ ಲೆಕ್ಕ ತೆಗೆಯುತ್ತಾರೆ.

ಇರಲಿ, ಪಾಠ ಹೇಳಿದ್ದು ಸಾಕು. ಆ ಹೆಸರು ಹೇಗೆ ಬಂತೆಂದು ನಿನಗೆ ಗೊತ್ತು. ಆದರೆ ನೋಡಿದವಳು ನಾನು. ನಿನಗಿಂತ ಮುಂಚೆ ಹುಟ್ಟಿದ ಕೂಸುಗಳನ್ನು ಅವ್ವ ಒಂದರ ಹಿಂದೆ ಒಂದು ಮಣ್ಣಿಗಿಟ್ಟಿದ್ದಳು. ನೀನು ಹೊಟ್ಟೆಯಲ್ಲಿದ್ದಾಗ ನಮ್ಮೂರ ಪೀರಲ ಗುಡಿಗೆ ಹೋಗಿ ಸಕ್ಕರೆ ಓದಿಸಿ ಬೇಡಿಕೊಂಡಳು. ಹುಟ್ಟಿದೆ. ಅವ್ವನಿಗೆ ಬಾಣಂತಿ ಜ್ವರ ಏರಿತು, ಎದೆ ಬತ್ತಿತು. ಉಳಿಯದ ಮಕ್ಕಳನ್ನು ಬೇರೆ ಮನೆಗೆ ಮಾರಿ ಕೊಳ್ಳುವ ಪದ್ಧತಿ ಇತ್ತಲ್ಲ, ಹಾಗೆ ನಿನ್ನನ್ನು ಮುಲ್ಲಾರ ಮನೆಯ ಖಾಸಿಂಬಿ ಅವ್ವನಿಗೆ ಒಂದು ಮೊರ ತವುಡಿಗೆ ಮಾರಿದರು. ಆಕೆಯ ಮಗ ಇಮಾಮಸಾಬ ಆಗ ಎದೆ ಹಾಲಿನ ಕೂಸು. ಒಂದು ಕಡೆ ಅವನು, ಒಂದು ಕಡೆ ನೀನು. ಅವ್ವ ಎದ್ದು ಕೂರುವವರೆಗೂ ನೀನು ಆ ಹಾಲಿನಲ್ಲೇ ಬೆಳೆದೆ. ಸಾಬರ ಹಾಲು ಕುಡಿದ ಕೂಸಿಗೆ ಲಿಂಗ ಹೇಗೆ ಕಟ್ಟುತ್ತೀರಿ ಎಂದು ಅಜ್ಜಿ ರಂಪ ಮಾಡಿದಾಗ ಅಪ್ಪ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ: “ಮೊದ್ಲು ಕೂಸು ಉಳೀಲಿ ತಗೋವ್ವಾ, ಲಿಂಗ ಎಲ್ಲಿಗೆ ಓಡಿ ಹೊಕ್ಕೈತಿ?”

ಉಳಿದೆ. ಅವ್ವ ಒಂದು ಸೇರು ಜೋಳ ಕೊಟ್ಟು ನಿನ್ನನ್ನು ತಿರುಗಿ ಕೊಂಡಳು. ಹೆಸರು ಪೀರನದು, ಕೊರಳಲ್ಲಿ ಲಿಂಗ. ಮೊಹರಂ ಚಂದ್ರ ಕಂಡ ಸಂಜೆ ಪೀರಲ ಗುಡಿಯ ಮುಂದೆ ಬೆಂಕಿಯ ಅಲಾಯಿ ಕುಣಿ ತೋಡಲು ಮೊದಲ ಗುದ್ದಲಿ ಹಾಕುವ ಹಕ್ಕೂ ನಿನಗೇ ಬಂತು, ನೀನು ಬದುಕಿರುವವರೆಗೂ ಇನ್ನೊಬ್ಬರು ಮುಟ್ಟುವಂತಿಲ್ಲವೆಂದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಪ್ಪನೇ ನಿನಗೆ ಫಕೀರರ ಹಸಿರು ದಾರ ಕಟ್ಟುತ್ತಿದ್ದ. ಇದು ಅವರದು, ಇದು ನಮ್ಮದು ಎಂದು ಯಾರಾದರೂ ಅಂದಿದ್ದು ನನಗೆ ನೆನಪಿಲ್ಲ.

ಈ ಸಲ ಚಂದ್ರ ಕಂಡ ಸಂಜೆ ನಾನು ನಮ್ಮ ಹುಟ್ಟೂರಲ್ಲೇ ಇದ್ದೆ. ಮಾಧವರಂ ಕಡೆಯಿಂದ ನೀನು ಬರುವ ದಾರಿಯನ್ನೇ ನೋಡುತ್ತ ಮಂದಿ ನಿಂತಿದ್ದರು. ಬಿತ್ತನೆ ಮುಗಿಸಿ ಬಂದ ಸುಂಕಣ್ಣ ಕುಣಿತಕ್ಕೆ ಬಾರಿಸಲು ಹಲಗೆ ಕಾಯಿಸಿಟ್ಟಿದ್ದ. ನಿನ್ನ ಕಾರು ಬರಲಿಲ್ಲ. ಸುಂಕಣ್ಣನೇ ಫೋನ್ ಮಾಡಿದ. ನೀನು ಏನು ಹೇಳಿದೆ, ನೆನಪು ಮಾಡಿಕೋ. “ಆ ಹುಸೇನಪ್ಪ ಸತ್ತ ಅಂತ ತಿಳ್ಕೊಂಡು ಬಿಡ್ರಿ. ಇನ್ನ ಮ್ಯಾಲೆ ನನಗ ಫೋನ್ ಹಚ್ಚಬ್ಯಾಡ್ರಿ.” ನಿನ್ನ ಪಕ್ಕದಲ್ಲಿ ಯಾರು ಕೂತಿದ್ದರೋ, ಯಾರಿಗೆ ಕೇಳಲೆಂದು ಅಷ್ಟು ಜೋರಾಗಿ ಹೇಳಿದೆಯೋ, ನನಗೆ ಗೊತ್ತಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

ಸುಂಕಣ್ಣ ಸಿಟ್ಟಿನ ಮನುಷ್ಯ. ಹಲಗೆಯನ್ನು ನೆಲಕ್ಕೆ ಕುಕ್ಕಿ, “ಹುಸೇನಪ್ಪ ಸತ್ತ! ನಡ್ರಿ ಮನೀಗೆ” ಎಂದು ಕೂಗಿಬಿಟ್ಟ. ಗುಡಿಯ ಕಟ್ಟೆಯ ಮೇಲೆ ಖಾಸಿಂಬಿ ಅವ್ವ ಕೂತಿದ್ದಳು. ಆಕೆಗೆ ಈಗ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. “ಯಾ ಅಲ್ಲಾ, ನನ್ನ ಮಗ!” ಎಂದವಳೇ ಎದೆ ಎದೆ ಬಡಿದುಕೊಂಡು ಹೊರಳಿದಳು. ಇಮಾಮಸಾಬ ಓಡಿ ಬಂದು ಹಿಡಿದುಕೊಂಡ. “ಇಲ್ಲಮ್ಮಾ, ಅಂವ ಚೆನ್ನಾಗದಾನ, ಸಿಟ್ಟಿಗೆ ಅಂದಾನ” ಎಂದು ಎಷ್ಟು ಹೇಳಿದರೂ ಕೇಳಲೊಲ್ಲಳು. ಎದೆ ಕೆಂಪಾಗುವಷ್ಟು ಬಡಿದುಕೊಂಡಳು.

ನಾನು ಪಕ್ಕದಲ್ಲಿ ಕೂತು ಕೈ ಹಿಡಿದು ಹೇಳಿದೆ: “ಅವ್ವಾ, ನಾನು ಅವನ ಸ್ವಂತ ಅಕ್ಕ. ನನ್ನ ತಮ್ಮ ಬದುಕ್ಯಾನ.” ಆಕೆ ನನ್ನ ಮುಖ ಸವರಿ ನೋಡಿದಳು. ನಾನು ಅಳುತ್ತಿದ್ದೆ ತಮ್ಮಾ, ನಾಚಿಕೆಗೆ ಅಳುತ್ತಿದ್ದೆ. ಆಕೆಗೆ ಅದು ಬೇರೆ ಥರ ಅರ್ಥವಾಯಿತು. “ನೀ ಅಕ್ಕ. ನಿನಗೂ ಸಂಕಟ ಐತಿ, ಮುದುಕಿ ತಡಕೊಳ್ಳಾಂಗಿಲ್ಲ ಅಂತ ಸುಳ್ಳು ಹೇಳ್ತಿ. ಬದುಕಿದ್ರ ಚಂದ್ರ ಕಂಡ ದಿನ ಬರದೇ ಇರ್ತಿದ್ನೇನು?” ಎಂದಳು. ಆಕೆಯ ಲೆಕ್ಕದಲ್ಲಿ ತಪ್ಪೇನಿದೆ ಹೇಳು. ಊರಿನ ಕಟ್ಟಳೆಯೇ ಹಾಗಲ್ಲವೇ? ನೀನಿದ್ದರೆ ಬರಬೇಕು. ಬರಲಿಲ್ಲವೆಂದರೆ ನೀನಿಲ್ಲ.

ನನಗೆ ಹೊಳೆದದ್ದು ಒಂದೇ ಉಪಾಯ. ನಿನ್ನ ದನಿ ಕೇಳಿಸಿದರೆ ಸಾಕು ಎಂದುಕೊಂಡು, ನನ್ನ ಫೋನಿನಿಂದ ನಿನಗೆ ಹಚ್ಚಿ, ಸ್ಪೀಕರ್ ಒತ್ತಿ ಆಕೆಯ ಕಿವಿಗೆ ಹಿಡಿದೆ. ಎತ್ತಿದವನು ನೀನಲ್ಲ, ಯಾರೋ ಹುಡುಗ. ಖಾಸಿಂಬಿ ಅವ್ವ, “ಹುಸೇನಪ್ಪಾ? ಬೇಟಾ?” ಎಂದಳು. ಆ ಕಡೆಯಿಂದ ಅವನು, “ಆ ಹೆಸರಿನವರು ಯಾರೂ ಇಲ್ರಿ ಇಲ್ಲಿ. ಇದು ರುದ್ರೇಶಣ್ಣಂದು ನಂಬರು” ಎಂದು ಕಟ್ ಮಾಡಿದ. ಅವನ ತಪ್ಪಲ್ಲ ಅದು, ಅವನಿಗೆ ಹೇಳಿಕೊಟ್ಟದ್ದನ್ನು ಹೇಳಿದ. ಆಕೆ ಮತ್ತೆ ಅಳಲಿಲ್ಲ. ಫೋನೂ ಇನ್ನೊಬ್ಬರ ಪಾಲಾಯಿತು ಎಂದುಕೊಂಡಳು, ಅಷ್ಟೇ.

ಆಮೇಲೆ ಆಕೆ ನೀರು ಕೇಳಿದಳು. ಕೈ ಬಾಯಿ ತೊಳೆದುಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಎಲ್ಲರೂ ಕೇಳುವಂತೆ, “ಹುಸೇನಪ್ಪಾ, ನನ್ನ ಹಾಲು ನಿನಗ ಮಾಫ್ ಮಾಡೀನಿ” ಎಂದಳು. ನಮ್ಮ ಕಡೆ ಸಾಬರ ಮನೆಗಳಲ್ಲಿ ಆ ಮಾತನ್ನು ಸತ್ತ ಮಗನಿಗೆ ಹೇಳುತ್ತಾರೆ. ಹಾಲಿನ ಋಣ ಹೊತ್ತುಕೊಂಡು ಹೋದರೆ ಮಗನಿಗೆ ಮುಂದೆ ಭಾರವಾದೀತೆಂದು ತಾಯಿ ಬಿಟ್ಟುಕೊಡುವ ಮಾತು ಅದು. ಬದುಕಿರುವವರಿಗೆ ಹೇಳುವಂಥದ್ದಲ್ಲ. ಸುಂಕಣ್ಣ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತ. ಆ ಸಂಜೆ ಗುದ್ದಲಿ ಬೀಳಲಿಲ್ಲ. ಕುಣಿ ತೋಡದೆ ಪೀರುಗಳನ್ನು ಕೂರಿಸುವಂತಿಲ್ಲ; ಅವು ಈ ವರ್ಷ ಪೆಟ್ಟಿಗೆಯಲ್ಲೇ ಉಳಿದವು. ಪೊಲೀಸರು ಬರಲಿಲ್ಲ, ಗಲಾಟೆ ಆಗಲಿಲ್ಲ, ಯಾವ ಪೇಪರಿನಲ್ಲೂ ಬರಲಿಲ್ಲ. ನಿಮ್ಮ ಸಂಘದವರಿಗೆ ಹೇಳು, ಅವರು ಬಯಸಿದ್ದು ಕಲ್ಲೆಸೆಯದೆಯೇ ಆಯಿತು.

ಬಸ್ಸು ಹತ್ತಿಸಲು ಬಂದ ಇಮಾಮಸಾಬನನ್ನು ಕೇಳಿದೆ, ಆ ಮಾತನ್ನು ತಿರುಗಿ ತೆಗೆದುಕೊಳ್ಳಲು ಬರುತ್ತದೆಯೇ ಎಂದು. ಅವನು ನಿನ್ನ ವಾರಿಗೆಯವನಾದರೂ ಹತ್ತು ವರ್ಷ ಹೆಚ್ಚಿನವನ ಹಾಗೆ ಕಂಡ. “ಗೊತ್ತಿಲ್ಲ ಅಕ್ಕಾ. ಇಂಥಾದ್ದು ಯಾವತ್ತೂ ಆಗಿದ್ದಿಲ್ಲ” ಎಂದ. ನಿನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ ಅವನು. ಆಡಿದ್ದರೆ ನನಗೆ ಹಗುರಾಗುತ್ತಿತ್ತು. “ಅವಗ ಟಿಕೆಟ್ ಸಿಗಲಿ ಬಿಡ್ರಿ” ಎಂದ.

ನಿನಗೆ ಬೇಕಾಗಿದ್ದು ಇದೇ ಆಗಿದ್ದರೆ ಸಿಕ್ಕಿತು. ಆ ಮನೆಯ ಹಂಗು ಹರಿಯಿತು. ಆದರೆ ನಾನಿನ್ನೂ ಇದ್ದೇನೆ. ಜ್ವರದ ಅವ್ವನ ಪಕ್ಕದಿಂದ ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಮುಲ್ಲಾರ ಮನೆಗೆ ದಿನಾ ಓಡಾಡಿದವಳು. ನಾನು ಏನನ್ನೂ ಮಾಫ್ ಮಾಡಿಲ್ಲ, ಮಾಡುವುದೂ ಇಲ್ಲ. ನನಗೆ ನೀನು ಬೇಕು.

ಬೋರ್ಡು ಹಾಗೇ ಇರಲಿ, ಕೀಳು ಎಂದು ನಾನು ಹೇಳುವುದಿಲ್ಲ. ಟಿಕೆಟ್ಟೂ ತಗೋ. ಗುದ್ದಲಿ ಹಿಡಿ ಎಂದೂ ಈ ವರ್ಷ ಹೇಳುವುದಿಲ್ಲ, ಅದರ ಹೊತ್ತು ಮೀರಿತು. ಆದರೆ ಆಕೆ ಮಗ ಸತ್ತನೆಂದು ಊಟ ಬಿಟ್ಟಿದ್ದಾಳೆ. ಗಂಜಿ ಎರಡು ಗುಟುಕು ಇಳಿದರೆ ಹೆಚ್ಚು ಎನ್ನುತ್ತಾನೆ ಇಮಾಮಸಾಬ. ಇದನ್ನು ಓದಿದ ದಿನವೇ ಹೊರಡು. ಸಂಘದ ಹುಡುಗರನ್ನು ಕರೆದುಕೊಂಡು ಹೋಗಬೇಡ, ಹಣ್ಣಿನ ಬುಟ್ಟಿ ಹಿಡಿದು ಫೋಟೋ ತೆಗೆಸಿಕೊಳ್ಳಬೇಡ. ಒಬ್ಬನೇ ಹೋಗು. ನಾನು ಜೊತೆಗೆ ಬರುವುದಿಲ್ಲ, ನಾನು ಹೇಳಿದ್ದನ್ನು ಆಕೆ ನಂಬುವುದಿಲ್ಲವಲ್ಲ.

ಬಾಗಿಲಲ್ಲಿ ನಿಂತರೆ ಆಕೆಗೆ ಕಾಣಿಸುವುದಿಲ್ಲ. ಹೆಜ್ಜೆ ಸಪ್ಪಳ ಕೇಳಿ, “ಯಾರದು?” ಎಂದು ಕೇಳುತ್ತಾಳೆ. ಏನೆಂದು ಹೇಳುತ್ತೀಯೋ ನೀನೇ ನೋಡಿಕೋ.

ನೂರು ವರ್ಷ ಬಾಳು, ನನ್ನ ತಮ್ಮಾ.

ಇಂತಿ,
ನಿನ್ನನ್ನು ಬಿಟ್ಟುಕೊಡದ ಅಕ್ಕ
ಗುರುಲಿಂಗಮ್ಮ