ಜಾರ್ ಚಕ್ರವರ್ತಿಯ ಬಗ್ಗೆ ನನ್ನ ಪ್ರಶ್ನೆ

ಅಪ್ಪ,

ನೀವು ಹೋಗಿ ಇಪ್ಪತ್ತಾರು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು. ಇವತ್ತು ನಾನು ಗೆದ್ದೆ.

ಇಲ್ಲಿ ಅಮೆರಿಕದ ಅರೋರಾ ಊರಿನ ಲೈಬ್ರರಿಯಲ್ಲಿ ರಷ್ಯಾದ ಇತಿಹಾಸದ ಬಗ್ಗೆ ಒಬ್ಬ ಪ್ರೊಫೆಸರರ ಭಾಷಣವಿತ್ತು. ಜಾರ್ ಎರಡನೇ ಅಲೆಕ್ಸಾಂಡರ್ 1864ರಲ್ಲಿ ಜಿಲ್ಲೆಗಳಿಗೆ ಚುನಾಯಿತ ಸಭೆಗಳನ್ನು ಕೊಟ್ಟದ್ದು ಎಂಥ ದೊಡ್ಡ ಸುಧಾರಣೆ ಎಂದು ಅವರು ವಿವರಿಸಿದರು. ನೀವು ಹತ್ತನೇ ತರಗತಿಯಲ್ಲಿ ನಮಗೆ ಮಾಡಿದ ಪಾಠವೇ. ನಾನು ಕೈ ಎತ್ತಿದೆ.

"ಅಜ್ಜಿ, ಪ್ಲೀಸ್, ಡೋಂಟ್!" ಎಂದು ಮೊಮ್ಮಗಳು ಈಶಾ ಸೆರಗು ಎಳೆದಳು.

"ಸುಮ್ನೆ ಕೂತ್ಕೋ. ನಿನ್ನನ್ನೇನೂ ಕೇಳ್ತಿಲ್ಲ" ಎಂದು ಗದರಿ ಎದ್ದು ನಿಂತೆ.

ಅಂದು ನಿಮ್ಮನ್ನು ಕೇಳಿದ್ದನ್ನೇ ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಸಭೆಯ ತೀರ್ಮಾನವನ್ನು ಜಾರ್ ನೇಮಿಸಿದ ಗವರ್ನರ್ ತಡೆಹಿಡಿಯಬಹುದಾಗಿದ್ದರೆ, ಜನರ ಕೈಗೆ ಬಂದದ್ದಾದರೂ ಏನು? ಅಂದು ನೀವು "ಅಧಿಕಪ್ರಸಂಗಿ, ಕೂತ್ಕೋ" ಎಂದಿರಿ, ಇಡೀ ಕ್ಲಾಸು ನಕ್ಕಿತು. ಇವತ್ತು ಪ್ರೊಫೆಸರ್ ಕನ್ನಡಕ ತೆಗೆದು, ಆ ಆಡಳಿತದ ದೌರ್ಬಲ್ಯವೆಲ್ಲ ಈ ಪ್ರಶ್ನೆಯಲ್ಲೇ ಇದೆ ಎಂದರು. ಉಳಿದ ಅರ್ಧ ಗಂಟೆ ಅದಕ್ಕೇ ಉತ್ತರ ಹೇಳಿದರು. ಮೊದಲು ಚಪ್ಪಾಳೆ ತಟ್ಟಿದವಳು ಈಶಾ.

ಕೊನೆಗೆ ಅವರು ನನ್ನ ಹತ್ತಿರ ಬಂದು, ಇತಿಹಾಸವನ್ನು ಎಲ್ಲಿ ಓದಿದಿರಿ ಎಂದು ಕೇಳಿದರು. ನಮ್ಮೂರ ಹೈಸ್ಕೂಲಿನಲ್ಲಿ, ನಮ್ಮ ತಂದೆಯ ಹತ್ತಿರ ಎಂದು ತಲೆ ಎತ್ತಿ ಹೇಳಿದೆ. ನಿಮ್ಮ ಹೆಸರನ್ನೂ ಹೇಳಿದೆ.

ಆಮೇಲೆ ಯಾವ ಕಾಲೇಜು ಎಂದರು.

ಓದು ಅಲ್ಲಿಗೇ ನಿಂತಿತು ಎಂದೆ. ನಿಲ್ಲಿಸಿದವರು ಯಾರೆಂದು ಹೇಳಲಿಲ್ಲ.

ನಿಮ್ಮ ಮಗಳು,
ವಸಂತಾ