ಲಕ್ಕ್ ಎಂದರೆ ಏಳು

ಶಕ್ತಿನಗರ, ಮಂಗಳೂರು
14-11-2025, ಶುಕ್ರವಾರ

ಪ್ರೀತಿಯ ಪ್ರಾಪ್ತಿ,

ಬರೆಯುತ್ತಿರುವವಳು ನಿನ್ನ ಅಪ್ಪನ ಅಮ್ಮ, ಈ ಮನೆಯ ಯಜಮಾನಿ ವಾರಿಜಾ. ಇದನ್ನು ಓದಿ ನೀನು ನಗುತ್ತೀ ಎಂದು ಗೊತ್ತು. ನಗು, ಪರವಾಗಿಲ್ಲ. ಈ ಮನೆ ನನ್ನ ತಾಯಿಯಿಂದ ನನಗೆ ಬಂದದ್ದು, ನಿನ್ನ ಅಜ್ಜ ಮದುವೆಯಾಗಿ ಇಲ್ಲಿಗೆ ಬಂದವರು, ಇಲ್ಲಿ ಕೊನೆಯ ಮಾತು ಐವತ್ತು ವರ್ಷದಿಂದ ನನ್ನದೇ. ಕೊಟ್ಟ ಮಾತನ್ನು ನಾನು ಹಿಂದೆ ತೆಗೆದುಕೊಂಡದ್ದೂ ಇಲ್ಲ. ಇದನ್ನು ಮೊದಲೇ ಬರೆದಿಟ್ಟರೆ ಮುಂದಿನದನ್ನು ಬರೆಯಲು ನನಗೆ ಧೈರ್ಯ ಬರುತ್ತದೆ.

ನಿನ್ನ ಶೀತ ಕಡಿಮೆಯಾಯಿತೇ? ಎ.ಸಿ. ಹಾಕಿ ಒದ್ದೆ ತಲೆಯಲ್ಲಿ ಮಲಗಬೇಡ. ನಿನ್ನ ಅಮ್ಮನಿಗೆ ಈಗ ಬೆಳಗ್ಗಿನ ಡ್ಯೂಟಿಯಂತೆ, ಹಾಗಾದರೆ ನಿನ್ನ ತಿಂಡಿಯ ಕಥೆ ಏನು? ಬರೀ ಬ್ರೆಡ್ ತಿಂದು ಶಾಲೆಗೆ ಹೋಗುತ್ತೀ ಎಂದಾದರೆ ನಿನ್ನ ಅಪ್ಪ ಮುಖೇಶನಿಗೆ ನಾನು ಬೇರೆಯೇ ಫೋನ್ ಮಾಡಬೇಕಾಗುತ್ತದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ನಿಜ ಹೇಳಿದರೆ ದಣಿದಿದ್ದೇನೆ. ಮೊಣಕಾಲು ಊದಿದೆ, ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ನಿಂತು ಯೋಚಿಸುತ್ತೇನೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ನೀನು ಅಳುತ್ತೀ, ನೀನು ಅತ್ತರೆ ನಾನು ಗದರುತ್ತೇನೆ, ಆಮೇಲೆ ಇಬ್ಬರೂ ಫೋನ್ ಇಡುತ್ತೇವೆ. ಅದಕ್ಕೇ ಪತ್ರ. ಪಕ್ಕದ ಮನೆಯ ಆಶಿಕ್ ರಜೆ ಮುಗಿಸಿ ಇಂದು ಸಂಜೆ ನೀವಿರುವ ಶಾರ್ಜಾಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳುಹಿಸುತ್ತೇನೆ.

ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ಲಕ್ಕಿಯ ಕಾಗದಪತ್ರ ಆಯಿತಾ ಎಂದು. ಆಯಿತು ಮಗಾ. ಚುಚ್ಚುಮದ್ದು ಆಯಿತು, ಕುತ್ತಿಗೆಯೊಳಗೆ ಚಿಪ್ ಹಾಕಿಸಿ ಆಯಿತು, ಡಾಕ್ಟರರ ಸರ್ಟಿಫಿಕೇಟ್ ಬಂತು. ವಿಮಾನದಲ್ಲಿ ನಾಯಿ ಕಳುಹಿಸುವ ಏಜೆಂಟ್ ಬರುವ ಬುಧವಾರ ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಜೂನ್‌ನಲ್ಲಿ ಏರ್‌ಪೋರ್ಟಿನ ಗೇಟಿನಲ್ಲಿ ನೀನು ನನ್ನ ಸೆರಗು ಹಿಡಿದು ಅಳುವಾಗ, ಅಲ್ಲಿ ಮನೆ ಸಿಕ್ಕಿದ ಕೂಡಲೇ ನಾಯಿಯನ್ನು ಕಳುಹಿಸುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಬೇರೆ ಯಾರೂ ಅಲ್ಲ.

ನಿಮ್ಮ ಬಿಜೈ ಫ್ಲಾಟಿನಿಂದ ಅದು ಇಲ್ಲಿಗೆ ಬಂದಾಗ ನನಗೆ ಸ್ವಲ್ಪವೂ ಇಷ್ಟ ಇರಲಿಲ್ಲ. ನಾಯಿಯೆಂದರೆ ಅಂಗಳದಲ್ಲಿರಬೇಕು, ಉಳಿದ ಅನ್ನ ತಿನ್ನಬೇಕು ಎಂದು ತಿಳಿದು ಬೆಳೆದವಳು ನಾನು. ಇದು ನಾಲ್ಕು ಕಿಲೋ ತೂಗುವ ಹತ್ತಿಯ ಉಂಡೆ, ಅದಕ್ಕೆ ಬಾಚಣಿಗೆ ಬೇರೆ. ಆದರೆ ತಾನು ಚಿಕ್ಕದೆಂದು ಆ ಪೊಮೇರಿಯನ್‌ಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಗ್ಯಾಸಿನವ ಸಿಲಿಂಡರ್ ಇಳಿಸಿದರೆ ಅವನಿಗೆ ಬೊಗಳುವುದಿಲ್ಲ, ಸಿಲಿಂಡರಿಗೆ ಬೊಗಳುತ್ತದೆ. ಮೀನಿನ ಮಮ್ಮು ಸ್ಕೂಟರ್ ನಿಲ್ಲಿಸಿದರೆ ಚಕ್ರದ ಎದುರು ಹೋಗಿ ನಿಲ್ಲುತ್ತದೆ. "ಅಮ್ಮ, ನೀವು ಸಾಕಿದ್ದು ನಾಯಿಯಾ, ಟ್ರಾಫಿಕ್ ಎಸ್.ಐ.ಯನ್ನಾ? ನನ್ನ ಲೈಸನ್ಸ್ ಕೇಳ್ತಾ ಉಂಟಲ್ಲ" ಎಂದು ಅವನ ತಮಾಷೆ. ಆದರೂ ಬಂಗುಡೆಯ ತಲೆಯೊಂದನ್ನು ಅದಕ್ಕೆಂದು ಬೇರೆ ಕಟ್ಟಿ ತರುತ್ತಾನೆ. ಒಂದು ವಾರದೊಳಗೆ ಅದು ಮನೆಯವರನ್ನು ಲೆಕ್ಕ ಹಾಕಿ, ನಿನ್ನ ಅಜ್ಜನೇ ಇಲ್ಲಿ ಕಾವಲು ಬೇಕಾದವರು ಎಂದು ತೀರ್ಮಾನಿಸಿತು. ಅವರ ಕುರ್ಚಿಯ ಕೆಳಗೆ ಸೇರಿತು. ನಾನು ಅಂಗಳಕ್ಕೆ ಹಾಕಿದಷ್ಟು ಸಲ ಹಿಂಬಾಗಿಲಿನಿಂದ ಬಂದು ಅಲ್ಲೇ ಮಲಗಿತು. ಹಟದಲ್ಲಿ ಅದು ನನಗೆ ಸಮ.

ಆಗಸ್ಟಿನಲ್ಲಿ ಅಜ್ಜ ಬಚ್ಚಲಿನಲ್ಲಿ ಬಿದ್ದದ್ದು, ಸೊಂಟದ ಆಪರೇಷನ್ ಆದದ್ದು ನಿನಗೆ ಗೊತ್ತುಂಟು. ಆಮೇಲಿನದನ್ನು ನಾವು ನಿನಗೆ ಸರಿಯಾಗಿ ಹೇಳಲಿಲ್ಲ. ಎಲುಬು ಸರಿಯಾಗಿ ಕೂಡಿದೆ, ಇನ್ನು ಎದ್ದು ನಡೆಯಬೇಕು, ಎರಡು ತಿಂಗಳಲ್ಲಿ ನಡೆಯದಿದ್ದರೆ ಮತ್ತೆ ಹಾಸಿಗೆಯೇ ಗತಿ ಎಂದು ಡಾಕ್ಟರ್ ಹೇಳಿದರು. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ, ನೆಲಕ್ಕೆ ಕಾಲು ಊರಲು ಹೆದರಿ ಕುಳಿತುಬಿಟ್ಟರು. ಕೇಳಿದರೆ ನೋವು ಎನ್ನುವರು. ನೋವಲ್ಲ ಅದು, ಹೆದರಿಕೆ. ವ್ಯಾಯಾಮ ಮಾಡಿಸಲು ಲತೇಶ್ ಎಂಬ ಫಿಸಿಯೋಥೆರಪಿಯವನು ದಿನಾ ಬರತೊಡಗಿದ. ಕುಲಶೇಖರದವನು, ನಮ್ಮ ಹಾಗೆ ತುಳು ಮಾತಾಡುವವನು, ಬಹಳ ಮರ್ಯಾದೆಯ ಜನ. ಬಂದವನೇ ಅವರನ್ನು ಎಬ್ಬಿಸಲೆಂದು ಹಾಸಿಗೆಯ ಪಕ್ಕ ನಿಂತು, "ಅಜ್ಜೆರೆ, ಲಕ್ಕ್‌ಲೆ" ಎನ್ನುತ್ತಿದ್ದ. ಅಷ್ಟು ಹೇಳುವುದಕ್ಕಿಲ್ಲ, ಲಕ್ಕಿ ಕೆಳಗಿನಿಂದ ಬಾಣದ ಹಾಗೆ ಹಾರಿ ಹಾಸಿಗೆಯ ಮೇಲೆ, ಅವನಿಗೂ ಅಜ್ಜನಿಗೂ ಮಧ್ಯೆ. ಮೊದಲ ದಿನ ಅವನು ನಕ್ಕ. ಎರಡನೆಯ ದಿನ ದೂಡಿದ. ಮೂರನೆಯ ದಿನ ದೂಡುವಾಗ ಬೆರಳಿಗೆ ಹಲ್ಲು ತಾಗಿತು, ಪಾಪ, ಇಂಜೆಕ್ಷನ್ ತೆಗೆದುಕೊಳ್ಳಬೇಕಾಯಿತು. "ಅಮ್ಮ, ಒಂದೋ ನಾಯಿ, ಇಲ್ಲದಿದ್ದರೆ ನಾನು" ಎಂದು ಹೇಳಿಯೇ ಹೋದ.

ಸಣ್ಣ ನಾಯಿಗಳಿಗೆ ಯಜಮಾನನ ಮೇಲೆ ಮೋಹ ಜಾಸ್ತಿ, ಯಾರನ್ನೂ ಹತ್ತಿರ ಬಿಡುವುದಿಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ತಿಳಿದೆ. ಅಂಗಳದಲ್ಲಿ ಕಟ್ಟಿ ಹಾಕಿದೆ. ಒಳಗೆ ಅಜ್ಜ ಅಯ್ಯೋ ಎಂದರೆ ಹೊರಗೆ ಅದು ಗಂಟಲು ಕಟ್ಟುವವರೆಗೆ ಬೊಗಳುವುದು, ಹೊರಗೆ ಅದು ಬೊಗಳಿದರೆ ಒಳಗೆ ಅವರು ಊಟದ ಬಟ್ಟಲು ದೂಡುವುದು. ಲತೇಶನ ಬದಲಿಗೆ ಆಸ್ಪತ್ರೆಯವರು ಜಸೀಲಾ ಎಂಬ ಹುಡುಗಿಯನ್ನು ಕಳುಹಿಸಿದರು. ಅವಳ ಮನೆಮಾತು ಬ್ಯಾರಿ, ನಮ್ಮೊಡನೆ ಕನ್ನಡ. "ಅಜ್ಜ, ಮೆಲ್ಲ ಏಳಿ ನೋಡುವ" ಎಂದಳು. ಅವತ್ತು ಹಗ್ಗ ಬಿಚ್ಚಿಕೊಂಡು ಒಳಗೆ ಬಂದಿದ್ದ ಲಕ್ಕಿ ಕೇಳಿಸಲೇ ಇಲ್ಲವೆಂಬಂತೆ ಮಲಗಿತ್ತು. ಇದಕ್ಕೆ ಗಂಡಸರು ಆಗುವುದಿಲ್ಲ ಎಂದು ಈಗ ಎಲ್ಲರೂ ಹೊಸ ಕಾರಣ ಹೇಳಿದರು.

ಇನ್ನು ಬರೆಯುವುದು ನನಗೆ ಹಿತವಾದ ವಿಷಯವಲ್ಲ. ಒಂದು ಬೆಳಿಗ್ಗೆ ಜಸೀಲಾ ಬರುವ ಮೊದಲು ನಾನೇ ಅವರನ್ನು ಎಬ್ಬಿಸಲು ಹೋದೆ. ರಾತ್ರಿಯಿಡೀ ಮೊಣಕಾಲು ನೋವು, ನಿದ್ದೆ ಇಲ್ಲ. ಅವರು ಗೋಡೆಗೆ ಮುಖ ತಿರುಗಿಸಿದರು. ನನಗೆ ಸಿಟ್ಟು ಬಂತು. "ಇಡೀ ಮಂಗಳೂರನ್ನು ಹೊತ್ತು ತಿರುಗಿದ ಕಾಲಿಗೆ ಈಗ ಎಂತ ಆಯಿತು, ಲಕ್ಕ್‌ಲೆ" ಎಂದು ಗದರಿ ಅವರ ತೋಳು ಹಿಡಿದೆಳೆದೆ. ಲಕ್ಕಿ ಹಾರಿ ಬಂತು. ಅವರ ಎದೆಗೆ ಬೆನ್ನು ಕೊಟ್ಟು ನನ್ನ ಕಡೆಗೆ ಮುಖ ಮಾಡಿ ನಿಂತಿತು. ಕಚ್ಚಲಿಲ್ಲ. ಹಲ್ಲು ತೋರಿಸಿ ಸಣ್ಣಗೆ ಗುರುಗುಟ್ಟಿತು, ಅಷ್ಟೇ. ನಲ್ವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರ ಪಕ್ಷ ವಹಿಸಿ ನನ್ನೆದುರು ನಿಂತದ್ದು ಅದೊಂದೇ. ನಿನ್ನ ಅಪ್ಪನೂ ನಿಂತವನಲ್ಲ. ಅಜ್ಜ ಅದರ ಬೆನ್ನ ಮೇಲೆ ಕೈ ಇಟ್ಟರು. ನಾನು ಅಡುಗೆಮನೆಗೆ ಹೋಗಿ ಸಿಂಕಿನ ನೀರು ಬಿಟ್ಟು ನಿಂತೆ.

ಅಲ್ಲಿ ನಿಂತಾಗ ಹೊಳೆಯಿತು. ನೀನು ಅದನ್ನು ಲಕ್ಕಿ ಎಂದು ಪೂರ್ತಿ ಕರೆದದ್ದೇ ಕಡಿಮೆ. ಸಿಟೌಟಿನಲ್ಲಿ ನಿಂತು "ಲಕ್, ಲಕ್" ಎನ್ನುತ್ತಿದ್ದೆ, ಅದು ಎಲ್ಲಿದ್ದರೂ ಓಡಿ ಬಂದು ನಿನ್ನ ಮೈಮೇಲೆ ಹಾರುತ್ತಿತ್ತು. ನಾನು ಅಲ್ಲಿಂದಲೇ, ಯಾರಿಗೂ ಹೇಳದ ಹಾಗೆ, ಮೆಲ್ಲನೆ "ಲಕ್ಕ್" ಎಂದೆ. ಅವರ ಹಾಸಿಗೆ ಬಿಟ್ಟು ಓಡಿ ಬಂದು ನನ್ನ ಕಾಲ ಬುಡದಲ್ಲಿ ನಿಂತು ಬಾಲ ಅಲ್ಲಾಡಿಸಿತು, ಸ್ವಲ್ಪ ಹೊತ್ತಿನ ಮೊದಲು ಹಲ್ಲು ತೋರಿಸಿದ್ದು ತಾನಲ್ಲವೆಂಬ ಹಾಗೆ. ಏಳು ಎಂದು ನಾವು ತುಳುವಿನಲ್ಲಿ ಹೇಳಿದಷ್ಟು ಸಲ ಅದು ತನ್ನನ್ನೇ ಕರೆದರೆಂದು ತಿಳಿದಿದೆ. ಲತೇಶ್ ಪಾಪ ಮೂರು ದಿನ ಅದನ್ನು ತಾನೇ ಕರೆದು, ತಾನೇ ದೂಡಿ, ಕಚ್ಚಿಸಿಕೊಂಡ. ಒಳಗೆ ಹೋಗಿ ಅಜ್ಜನಿಗೆ ಹೇಳಿದೆ. ಅವರು ಬಿದ್ದ ಮೇಲೆ ನಕ್ಕದ್ದು ಅವತ್ತೇ. ಆದರೆ ಒಂದು ಮಾತು ನಿನಗೆ ಮಾತ್ರ. ಅದು ಹಾರಿದ್ದು ಹೆಸರು ಕೇಳಿ. ಗುರುಗುಟ್ಟಿದ್ದು ಹೆಸರು ಕೇಳಿ ಅಲ್ಲ. ಆಮೇಲೆ ನಾನು ಅವರೊಡನೆ ಆ ದನಿಯಲ್ಲಿ ಮಾತಾಡಲಿಲ್ಲ. ನಾಯಿಗೆ ಹೆದರಿ ಎಂದು ಬೇಕಾದರೆ ತಿಳಿದುಕೋ.

ವಿಷಯ ಗೊತ್ತಾದ ಮೇಲೆ ಜಸೀಲಾ ಒಂದು ಉಪಾಯ ಮಾಡಿದಳು. ಲಕ್ಕಿಯನ್ನು ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ ಕೂರಿಸಿದಳು. ಅಜ್ಜನೇ ಅದಕ್ಕೆ "ಲಕ್ಕ್" ಎನ್ನಬೇಕು, ಅದು ಎದ್ದ ಕೂಡಲೇ ಇವರೂ ಏಳಬೇಕು. ಮಕ್ಕಳಾಟ ಎಂದು ನಾನು ಮುಖ ತಿರುಗಿಸಿದೆ. ತಿರುಗಿ ನೋಡುವಾಗ ಅವರು ವಾಕರ್ ಹಿಡಿದು ನಿಂತಿದ್ದರು, ಕಣ್ಣು ನಾಯಿಯ ಮೇಲೆ. ಒಂದು ವಾರದಲ್ಲಿ ಬಾಗಿಲವರೆಗೆ, ದೀಪಾವಳಿಯ ಹೊತ್ತಿಗೆ ಸಿಟೌಟಿಗೆ. ಲಕ್ಕಿ ಮುಂದೆ ನಡೆಯುತ್ತದೆ, ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತದೆ, ಅವರು ನಿಂತರೆ ಕುಳಿತುಕೊಳ್ಳುತ್ತದೆ. ದಾರಿಯಲ್ಲಿ ಬಕೆಟ್ ಇದ್ದರೆ ಬಕೆಟಿಗೆ ಬೊಗಳುತ್ತದೆ, ನಾನಿದ್ದರೆ ನನಗೆ. ನಾನು ಅವಸರ ಮಾಡಿದರೆ ಅದಕ್ಕೆ ಆಗುವುದಿಲ್ಲ. ಡ್ರೈವರ್ ಚೆನ್ನಪ್ಪಣ್ಣನಿಗೆ ಈಗ ಕಂಡಕ್ಟರ್ ಸಿಕ್ಕಿದ ಎಂದು ಗೇಟಿನಲ್ಲಿ ಮಮ್ಮು ನಗುತ್ತಾನೆ.

ಕಳೆದ ವಾರ ಸರ್ಟಿಫಿಕೇಟಿಗೆಂದು ಲಕ್ಕಿಯನ್ನು ಎರಡು ದಿನ ನಾಯಿ ಡಾಕ್ಟರರಲ್ಲಿ ಬಿಡಬೇಕಾಯಿತು. ಆ ಎರಡು ದಿನವೂ ಅಜ್ಜ ಏಳಲಿಲ್ಲ. ಜಸೀಲಾ ಕರೆದಳು, ನಾನು ಕರೆದೆ, ಮೆಲ್ಲನೆಯೇ ಕರೆದೆ. ಸೊಂಟ ನೋವು ಎಂದರು. "ಅಮ್ಮ, ಇದು ಸೊಂಟದ ನೋವು ಅಲ್ಲ" ಎಂದು ಹೋಗುವಾಗ ಜಸೀಲಾ ಚಪ್ಪಲಿ ಹಾಕುತ್ತಾ ಹೇಳಿದಳು. ಅದನ್ನು ಇಲ್ಲೇ ಇಟ್ಟುಕೊಳ್ಳೋಣವೇ ಎಂದು ನಾನು ಅವರನ್ನು ಕೇಳಿಯೂ ನೋಡಿದೆ. ಕೇಳುವುದು ನನಗೆ ಅಭ್ಯಾಸವಿಲ್ಲ, ಆದರೂ ಕೇಳಿದೆ. "ಮಗುವಿನದ್ದು ಅದು. ಮಗುವಿನ ಕೈಯಿಂದ ಕಿತ್ತುಕೊಂಡು ನಾನು ನಡೆಯಬೇಕಾ? ಕಳುಹಿಸು" ಎಂದರು. ಮತ್ತೆ ಆ ಮಾತೇ ಎತ್ತಲು ಬಿಡಲಿಲ್ಲ.

ಅದು ನಿನ್ನನ್ನು ಮರೆತಿದೆ ಎಂದು ಬರೆದರೆ ನಿನಗೆ ಸುಲಭವಾಗುತ್ತಿತ್ತು. ಮರೆತಿಲ್ಲ. ನೀನು ಬಿಟ್ಟುಹೋದ ನೀಲಿ ಟೀ ಶರ್ಟನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಹೋಗಿ ಅದರ ಮೇಲೆಯೇ ಮಲಗುತ್ತದೆ, ತೊಳೆಯಲು ಕೊಡುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಬಂದರೆ ಫೋನಿನ ಹಿಂಬದಿ ಮೂಸುತ್ತದೆ. ನಿನಗೆ ಅಲ್ಲಿ ಇನ್ನೂ ಸ್ನೇಹಿತರು ಆಗಲಿಲ್ಲ ಎಂದು ನಿನ್ನ ಅಮ್ಮ ಹೇಳಿದ್ದೂ ನನಗೆ ನೆನಪಿದೆ. ಎಲ್ಲ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆಶಿಕ್‌ನ ಕೈಯಲ್ಲಿ ಹಲಸಿನ ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿ ಉಂಟು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬಾರದೆಂದು ನಿನ್ನ ಅಪ್ಪನಿಗೆ ಹೇಳು. ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು, ದೇವರು ನಿನ್ನ ತಲೆ ಕಾಯಲಿ. ಅಪ್ಪ ಅಮ್ಮನಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಜ್ಜಿ,
ವಾರಿಜಾ

ಮರೆತದ್ದು: ಆಶಿಕ್ ಗೇಟಿನಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಲಕ್ಕಿ ಬರುವುದಿಲ್ಲ. ಏಜೆಂಟನಿಗೆ ಬೆಳಿಗ್ಗೆ ನಾನೇ ಫೋನ್ ಮಾಡಿ ಬೇಡವೆಂದು ಹೇಳಿದೆ. ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ, ನಾಯಿ ನಿನ್ನದು, ಮೊದಲು ನಿನಗೆ ತಿಳಿಯಬೇಕು. ಅಜ್ಜ ಒಪ್ಪುವುದಿಲ್ಲವೆಂದು ಅವರಿಗೆ ಒಂದು ಸುಳ್ಳು ಹೇಳಿದ್ದೇನೆ. ಪ್ರಾಪ್ತಿಯೇ ಫೋನ್ ಮಾಡಿ, ಅದು ಅಜ್ಜನ ಹತ್ತಿರವೇ ಇರಲಿ ಎಂದಳು ಎಂದೆ. ನಿಜವಾ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. ಭಾನುವಾರ ಅವರು ನಿನ್ನನ್ನೇ ಕೇಳುತ್ತಾರೆ.