ಬೆನ್ನು ತೆರೆದ ಅಂಗಿ

ಪ್ರೀತಿಯ ಅಕ್ಕನಿಗೆ,

ಗರ್ಭದ ನೀರು ತೆಗೆದು ಮಾಡಿದ ಪರೀಕ್ಷೆಯ ಫಲಿತಾಂಶ ಇವತ್ತು ಬಂತು. ಹೊಟ್ಟೆಯಲ್ಲಿರುವ ಪಾಪುವಿಗೆ ಆ ಸ್ನಾಯುಗಳ ಕಾಯಿಲೆ ಇಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಪತ್ರ. ನಿನ್ನ ಮಗಳಿಗಿರುವುದು ನನ್ನ ಮಗುವಿಗಿಲ್ಲ ಎಂದು ನಿನ್ನೆದುರು ಹೇಗೆ ಹಿಗ್ಗಲಿ? ಆದರೂ ಹಿಗ್ಗಿದ್ದೇನೆ. ಇವರಂತೂ ಆಸ್ಪತ್ರೆಯಿಂದ ಹೊರಗೆ ಬಂದವರೇ ಬೇರೆ ಯಾರದೋ ಸ್ಕೂಟರಿಗೆ ನಮ್ಮ ಕೀಲಿ ತುರುಕುತ್ತಾ ನಿಂತಿದ್ದರು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಫಲಿತಾಂಶಕ್ಕೆ ಕಾಯುವಾಗ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು, ಪಾಪುವಿಗೊಂದು ಅಂಗಿ ಹೊಲಿದೆ. ಮುಗಿಸಿ ನೋಡಿದರೆ ಬೆನ್ನನ್ನು ಪೂರಾ ತೆರೆದಿಟ್ಟು ಲಾಡಿ ಹಚ್ಚಿದ್ದೆ. ಮಲಗಿಸಿಯೇ ತೊಡಿಸಲೆಂದು ಇಷ್ಟು ವರ್ಷ ನಿನ್ನ ಮಗಳಿಗೆ ಹಾಗೆ ಹೊಲಿದ ಕೈ ಅಲ್ಲವೇ. ಪಾಪುವಿಗೂ ಆ ಕಾಯಿಲೆ ಇದೆಯೆಂದು ಕೈಯೇ ಮೊದಲು ತೀರ್ಮಾನಿಸಿದಂತಿತ್ತು. ಹೋದ ವಾರ ನೀವು ಬಂದಿದ್ದಾಗ ಅದನ್ನೇ ಬಿಚ್ಚುತ್ತಾ ಕೂತಿದ್ದೆ. ನೀನು ಅಡುಗೆಮನೆಯಲ್ಲಿದ್ದೆ. ಅವಳು ತನ್ನ ಗಾಲಿಕುರ್ಚಿಯಿಂದಲೇ ನೋಡಿಬಿಟ್ಟಳು.

“ಯಾಕೆ ಬಿಚ್ತಿದೀಯ ಚಿಕ್ಕಮ್ಮ?” ಅಂದಳು. ನಾನು ತಪ್ಪಾಗಿದೆ ಅಂದೆ.

“ಏನು ತಪ್ಪು? ಈಗ ತಾನೆ ಹುಟ್ಟಿದ ಪಾಪುಗೆ ಕೂರೋಕೆ ಬರುತ್ತಾ? ಮಲಗಿಸೇ ಹಾಕ್ಬೇಕಲ್ವಾ. ಟೈಲರ್ ಅಂತೆ, ಟೈಲರ್.”

ಬಿಚ್ಚಿದ್ದನ್ನು ಮತ್ತೆ ಹೊಲಿದಿಟ್ಟಿದ್ದೇನೆ. ಹೆರಿಗೆಗೆ ನೀನು ಬರುವಾಗ ಅವಳನ್ನೂ ತಪ್ಪದೆ ಕರೆದುಕೊಂಡು ಬಾ. ಮಲಗಿದಾಗ ಲಾಡಿಯ ಗಂಟು ಬೆನ್ನಿಗೆ ಎಲ್ಲಿ ಒತ್ತುತ್ತದೆ ಎಂದು ಪಾಪುವಿಗೆ ಹೇಳಲು ಬರುವುದಿಲ್ಲ. ಅವಳಿಗೆ ಬರುತ್ತದೆ.

ನಿನ್ನ ತಂಗಿ